‘ಹಳೇ ಬುಕ್ಕು ಗೆದ್ದಲು ತಿಂದಿದೆ’ ಅಂದರೆ ನಂಬಬೇಡಿ: ಹಳ್ಳಿ ಕಡೆಯ ಮರಣ ದಾಖಲೆ ಹುಡುಕುವವರಿಗೆ

ತಾಲ್ಲೂಕು ಕಚೇರಿ ಎದುರು ಟೈಪಿಂಗ್, ಜೆರಾಕ್ಸ್ ಅಂತ ಬೋರ್ಡ್ ಹಾಕಿಕೊಂಡು ‘ಎಲ್ಲಾ ಸರ್ಟಿಫಿಕೇಟ್ ಮಾಡಿಸಿಕೊಡ್ತೀವಿ’ ಅನ್ನುವವರ ಕೈಗೆ ಮರಣ ಪ್ರಮಾಣ ಪತ್ರದ ಕೆಲಸ ಕೊಡಬೇಡಿ. ಕೊಟ್ಟು ನಮ್ಮ 12,000 ರೂಪಾಯಿ ಹೋಗಿದೆ. ದುಡ್ಡು ಹೋಗಲಿ, ನಾಡಕಚೇರಿ ಕೌಂಟರಿನಲ್ಲಿ ಹತ್ತು ಜನರ ಮುಂದೆ ‘ಇದು ಡೂಪ್ಲಿಕೇಟ್ ಕಣ್ರೀ, ಎಲ್ಲಿ ಮಾಡಿಸಿದ್ರಿ?’ ಅನ್ನಿಸಿಕೊಂಡಿದ್ದು ಇನ್ನೂ ಎದೆಯಿಂದ ಇಳಿದಿಲ್ಲ.

1989ರಲ್ಲಿ ತೀರಿಕೊಂಡ ನಮ್ಮ ಮನೆಯ ಹಿರಿಯರ ಹೆಸರಲ್ಲೇ ಪಹಣಿ ಉಳಿದಿತ್ತು. ಪೌತಿ ಖಾತೆ ಆಗಬೇಕು, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ವಂಶವೃಕ್ಷ, ವಂಶವೃಕ್ಷಕ್ಕೆ ಮರಣ ಪ್ರಮಾಣ ಪತ್ರ. ಜಮೀನಿರುವ ಎಲ್ಲರ ಮನೆಯಲ್ಲೂ ಇರುವ ಕೆಲಸವೇ. ಆ ಅಂಗಡಿಯವನು ಹೆಸರು, ಊರು, ಇಸವಿ ಬರೆದುಕೊಂಡ. ಎಲ್ಲಿ ತೀರಿಕೊಂಡರು ಅಂತ ಕೇಳಲೇ ಇಲ್ಲ. ಎರಡು ದಿನ ಬಿಟ್ಟು ಫೋನ್ ಬಂತು: ‘ಸರ್, ರೆಕಾರ್ಡ್ ರೂಮಲ್ಲಿ ಹುಡುಕ್ಸಿದೆ. ಹಳೇ ಬುಕ್ಕು ಗೆದ್ದಲು ತಿಂದಿದೆ, ನಿಮ್ಮೂರಿಂದು ಸಿಗಲ್ಲ. ಹೊಸದಾಗಿ ಮಾಡಿಸ್ಬೇಕು. 12 ಆಗುತ್ತೆ, ಸಾಹೇಬ್ರಿಗೂ ಕೊಡ್ಬೇಕಲ್ಲ.’

‘ಸಿಗಲ್ಲ’ ಅನ್ನೋದನ್ನ ಬರಹದಲ್ಲಿ ಕೊಡಿ ಅಂತ ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ತಪ್ಪಾಗಿದ್ದು ಅಲ್ಲೇ.

ದಾಖಲೆ ಹುಡುಕಿ ಇಲ್ಲವಾದರೆ ಇಲ್ಲ ಅಂತ ಬರೆದುಕೊಡುವ ಪತ್ರವೇ ಬೇರೆ ಇದೆ. ನಮೂನೆ 10, ಎಲ್ಲರೂ ‘ನಾನ್ ಅವೈಲಬಿಲಿಟಿ’ ಅನ್ನುತ್ತಾರೆ. ಯಾವ ಸ್ಥಳದ, ಯಾವ ಇಸವಿಯ ರಿಜಿಸ್ಟರ್ ನೋಡಲಾಯಿತು ಅನ್ನೋದು ಅದರಲ್ಲಿರುತ್ತೆ, ಅಧಿಕಾರಿಯ ಸಹಿ, ಮೊಹರು ಇರುತ್ತೆ. ಅದು ಕೈಗೆ ಬಾರದೆ ಇದ್ದರೆ ಯಾರೂ ಹುಡುಕಿಲ್ಲ ಅಂತಲೇ ತಿಳಿಯಿರಿ. ಬಾಯಿಮಾತಿನ ‘ಇಲ್ಲ’ಕ್ಕೆ ಮೂರು ಕಾಸಿನ ಬೆಲೆ ಇಲ್ಲ.

ಇಪ್ಪತ್ತು ದಿನಕ್ಕೆ ವಾಟ್ಸಾಪಿನಲ್ಲಿ ಪಿಡಿಎಫ್ ಬಂತು. ನೋಡೋಕೆ ಚೆನ್ನಾಗೇ ಇತ್ತು. ಲಾಂಛನ, ನೋಂದಣಿ ಸಂಖ್ಯೆ, ಕ್ಯೂಆರ್ ಕೋಡ್ ಎಲ್ಲ ಇತ್ತು. ಪ್ರಿಂಟ್ ತೆಗೆದು ವಂಶವೃಕ್ಷದ ಅರ್ಜಿ ಜೊತೆ ಕೊಟ್ಟಾಗ ಆಪರೇಟರ್ ಒಂದೇ ಸಾಲಿನ ಮೇಲೆ ಬೆರಳಿಟ್ಟರು. ‘ಮರಣದ ಕಾರಣ: ಹೃದಯಾಘಾತ’ ಅಂತಿತ್ತು. ಸಾವಿನ ಕಾರಣ ರಿಜಿಸ್ಟರಿನಲ್ಲಿರುತ್ತೆ, ಆದರೆ ಯಾರಿಗೆ ಕೊಡುವ ಪತ್ರದಲ್ಲೂ ಅದು ಬರುವ ಹಾಗಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮಿನಲ್ಲೇ ಇದೆ. ಕಾರಣ ಅಚ್ಚಾಗಿದ್ದರೆ ಆ ಪತ್ರ ಸರ್ಕಾರದ್ದಲ್ಲ. ಆಮೇಲೆ ನೋಂದಣಿ ಸಂಖ್ಯೆ ಹೊಡೆದು ನೋಡಿದರೆ ಬೇರೆ ಯಾರದೋ ಹೆಸರು. ಕ್ಯೂಆರ್ ತೆರೆದಾಗ ವೆಬ್‌ಸೈಟೇನೋ ಬಂತು, ವಿಳಾಸದ ನಡುವೆ ‘ಗವ್ ಡಾಟ್ ಇನ್’ ಕೂಡ ಇತ್ತು. ಆದರೆ ಅಲ್ಲಿಗೆ ಮುಗಿದಿರಲಿಲ್ಲ, ಅದರ ಮುಂದೆ ಇನ್ನೇನೋ ಸೇರಿಸಿದ್ದರು. ಈ ಪತ್ರದ ಸರ್ಕಾರಿ ವೆಬ್‌ಸೈಟಿನ ಹೆಸರು ‘ಗವ್ ಡಾಟ್ ಇನ್’ಗೆ ಮುಗಿಯಬೇಕು. ಅದರ ಬಾಲಕ್ಕೆ ಇನ್ನೊಂದು ಚುಕ್ಕೆ ಹಾಕಿ ಬೇರೆ ಹೆಸರು ಅಂಟಿಸಿದ್ದರೆ ನಕಲಿ. ಕಣ್ಣೆದುರೇ ಇದ್ದಿದ್ದು ಕಾಣಲಿಲ್ಲ.

ಇದನ್ನು ಕೇಳಿದಾಗ ಆ ಅಂಗಡಿಯವನು ಕೊಟ್ಟ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ. ಮೊದಲ ದಿನ: ‘ಸರ್, ಸರ್ವರ್ ಅಪ್‌ಡೇಟ್ ಆಗಿಲ್ಲ, ಎರಡು ದಿನ ತಡ್ಕೊಳಿ.’ ನಾಲ್ಕನೇ ದಿನ: ‘ನಾನು ಬರೀ ಅರ್ಜಿ ಹಾಕೋನು ಸರ್, ಪತ್ರ ಕೊಟ್ಟಿದ್ದು ಮೇಲಿನೋರು.’ ಯಾವ ಮೇಲಿನವರು? ಹೆಸರಿಲ್ಲ. ದುಡ್ಡು ವಾಪಸ್ ಕೇಳಿದ ದಿನ: ‘ಕಂಪ್ಲೇಂಟ್ ಕೊಡಿ ಸರ್, ಕೊಡಿ. ಡೂಪ್ಲಿಕೇಟ್ ಪತ್ರ ಆಫೀಸಿಗೆ ಕೊಟ್ಟೋರು ಯಾರು? ನೀವೇ ತಾನೆ?’ ಈ ಮಾತಿಗೆ ಮೈ ಉರಿದುಹೋಯಿತು. ಮೋಸ ಮಾಡಿದವನೇ ಹೆದರಿಸುತ್ತಿದ್ದಾನೆ! ಆದರೆ ಕಾನೂನು ಗೊತ್ತಿದ್ದೇ ಹೇಳಿದ ಮಾತು ಅದು. ನಕಲಿ ಅಂತ ತಿಳಿದೂ ಪತ್ರ ಬಳಸಿದರೆ ಬಳಸಿದವರ ಮೇಲೂ ಕೇಸ್ ಆಗುತ್ತೆ. ಅದಕ್ಕೇ ಜನ ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಾರೆ, ಇವರ ಅಂಗಡಿ ನಡೆಯುತ್ತಲೇ ಇರುತ್ತೆ. ಅನುಮಾನ ಬಂದ ಕ್ಷಣವೇ ಅರ್ಜಿ ವಾಪಸ್ ಪಡೆದು, ‘ಈ ಪತ್ರ ಇಂಥವರಿಂದ ಬಂತು, ಪರಿಶೀಲಿಸಿ’ ಅಂತ ತಹಶೀಲ್ದಾರರಿಗೆ ಬರೆದುಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಅದೇ ಕಾಗದ ಮುಂದೆ ನಿಮ್ಮನ್ನು ಉಳಿಸೋದು.

ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ಅಸಲಿ ದಾಖಲೆ ಇತ್ತು! ಗೆದ್ದಲೂ ತಿಂದಿರಲಿಲ್ಲ, ಏನೂ ಆಗಿರಲಿಲ್ಲ. ಹಿರಿಯರು ತೀರಿಕೊಂಡಿದ್ದು ಜಿಲ್ಲಾಸ್ಪತ್ರೆಯಲ್ಲಿ. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಮನೆ ಎಲ್ಲಿ, ಮಣ್ಣು ಮಾಡಿದ್ದೆಲ್ಲಿ ಅನ್ನೋದು ಲೆಕ್ಕಕ್ಕಿಲ್ಲ. ಹಾಗಾಗಿ ನಮೂದು ಇದ್ದಿದ್ದು ಜಿಲ್ಲಾ ಕೇಂದ್ರದ ನಗರಸಭೆ ರಿಜಿಸ್ಟರಿನಲ್ಲಿ, ಊರಿನ ಪುಸ್ತಕದಲ್ಲಲ್ಲ. ಹಳ್ಳಿ ಪುಸ್ತಕ ನೂರು ಸಲ ತಿರುವಿದರೂ ಸಿಗುತ್ತಿರಲಿಲ್ಲ. ದಿನಾಂಕ, ಆಸ್ಪತ್ರೆ ಹೆಸರು ಬರೆದು ಅರ್ಜಿ ಕೊಟ್ಟ ನಾಲ್ಕನೇ ದಿನ ಪತ್ರ ಕೈಗೆ ಬಂತು. ಖರ್ಚು ಹತ್ತಾರು ರೂಪಾಯಿ. 12,000 ಎಲ್ಲಿ, ಇದೆಲ್ಲಿ.

ಆದ್ದರಿಂದ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: ಪ್ರಾಣ ಹೋಗಿದ್ದು ಮನೆಯಲ್ಲೋ, ಆಸ್ಪತ್ರೆಯಲ್ಲೋ, ಮಗಳ ಊರಲ್ಲೋ, ದಾರಿಯಲ್ಲೋ? ವಾಹನದಲ್ಲಿ ಹೋಗಿದ್ದರೆ ಆ ವಾಹನ ಮೊದಲು ನಿಂತ ಜಾಗದ ಲೆಕ್ಕಕ್ಕೆ ಬರುತ್ತೆ.

ಹಳ್ಳಿಯಲ್ಲೇ ಆಗಿದ್ದರೆ, ಇತ್ತೀಚಿನ ಸಾವಿಗೆ ಗ್ರಾಮ ಪಂಚಾಯಿತಿಯನ್ನೋ ಗ್ರಾಮ ಆಡಳಿತ ಅಧಿಕಾರಿಯನ್ನೋ (ಹಿಂದೆ ವಿಎ, ಅಂದರೆ ವಿಲೇಜ್ ಅಕೌಂಟೆಂಟ್ ಅನ್ನುತ್ತಿದ್ದವರು) ಕೇಳಿ. ಹಳೆಯ ರಿಜಿಸ್ಟರುಗಳು ಅವರ ಹತ್ತಿರ ಇರಲ್ಲ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿರುತ್ತವೆ. ಅರ್ಜಿ ತಹಶೀಲ್ದಾರರ ಹೆಸರಿಗೆ ಬರೆಯಿರಿ. ಯಾವ ತಾಲ್ಲೂಕು ಅನ್ನೋದರಲ್ಲೂ ಜನ ಎಡವುತ್ತಾರೆ. ಹನೂರಿನವರ ಹಳೆಯ ದಾಖಲೆಗೆ ಕೊಳ್ಳೇಗಾಲವನ್ನೂ, ಬೈಂದೂರಿನವರದಕ್ಕೆ ಕುಂದಾಪುರವನ್ನೂ ಕೇಳಬೇಕು. ಕಡಬ ಕಡೆಯವರು ಪುತ್ತೂರು, ಸುಳ್ಯ ಎರಡನ್ನೂ ವಿಚಾರಿಸಿ. ಸಾವಿನ ದಿನ ಆ ಊರು ಯಾವ ತಾಲ್ಲೂಕಿನಲ್ಲಿತ್ತು ಅನ್ನೋದೇ ಮುಖ್ಯ.

ಹೆಸರು ಒಂದನ್ನೇ ಬರೆದು ಕೊಡಬೇಡಿ. ಹಳೆಯ ಪುಸ್ತಕಗಳು ಕೈಬರಹ, ತಾರೀಖಿನ ಕ್ರಮದಲ್ಲಿ ಬರೆದವು. ಪಹಣಿಯಲ್ಲಿ ಕೆಂಪೇಗೌಡ ಬಿನ್ ಸಿದ್ದೇಗೌಡ ಅಂತಿದ್ದರೆ ರಿಜಿಸ್ಟರಿನಲ್ಲಿ ಬರೀ ಕೆಂಪಣ್ಣ ಅಂತಿರಬಹುದು, ಹೆಂಗಸರದ್ದಾದರೆ ಕರೆಯುವ ಹೆಸರಷ್ಟೇ ಇರಬಹುದು. ತಂದೆಯ ಹೆಸರು, ಗಂಡನ ಹೆಸರು, ಕರೆಯುತ್ತಿದ್ದ ಹೆಸರು, ಅಂದಾಜು ವಯಸ್ಸು, ಊರು ಎಲ್ಲ ಬರೆಯಿರಿ. ದಿನಾಂಕ ಗೊತ್ತಿಲ್ಲದಿದ್ದರೆ ವೈಕುಂಠ ಸಮಾರಾಧನೆ ಕಾರ್ಡು, ಸಮಾಧಿ ಕಲ್ಲು, ಪಿಂಚಣಿ ನಿಂತ ತಿಂಗಳು ನೋಡಿ. ಹಿಂದಿನ ವರ್ಷ, ಮುಂದಿನ ವರ್ಷದ ಪುಸ್ತಕಗಳನ್ನೂ ಹುಡುಕಿ ಅಂತ ಅರ್ಜಿಯಲ್ಲೇ ಕೇಳಿ, ಏಕೆಂದರೆ ಡಿಸೆಂಬರಿನ ಸಾವು ಜನವರಿಯಲ್ಲಿ ನೋಂದಣಿ ಆಗಿರಬಹುದು. ಹೆಸರು ತಪ್ಪಾಗಿ ನಮೂದಾಗಿದ್ದರೆ ತಿದ್ದುಪಡಿಗೆ ದಾರಿ ಇದೆ: ವಿಷಯ ಬಲ್ಲ ಇಬ್ಬರು ನಂಬಿಕಸ್ತರ ಹೇಳಿಕೆ ಬೇಕು, ಮೂಲ ನಮೂದನ್ನು ಅಳಿಸದೆ ಅಂಚಿನಲ್ಲಿ ಬರೆಯುತ್ತಾರೆ. ‘ಹೆಸರು ಬದಲಾಯಿಸಿ ಹೊಸ ಪತ್ರ ಮಾಡಿಸ್ತೀನಿ’ ಅನ್ನುವವನು ಸುಳ್ಳು ಹೇಳುತ್ತಿದ್ದಾನೆ.

ನಿಜವಾಗಿಯೂ ನೋಂದಣಿಯೇ ಆಗಿಲ್ಲದಿದ್ದರೆ ಮಾತ್ರ ತಡ ನೋಂದಣಿ. ಸಾವಾಗಿ ವರ್ಷ ದಾಟಿದ್ದರೆ ಅದೇ ಕಾಯ್ದೆಯ ಕಲಂ 13(3). ಮೊದಲು ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಕಾಯ್ದೆ ಬದಲಾಗಿ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿ ಆದೇಶ ಕೊಡುತ್ತಾರೆ. ನಮೂನೆ 10 ಇಲ್ಲದೆ ಆ ಕಡತ ಮುಂದೆ ಹೋಗಲ್ಲ. ಜೊತೆಗೆ ಮರಣ ವರದಿ ನಮೂನೆ 2, ಅಫಿಡವಿಟ್, ಸಾವಿಗೆ ಇರುವ ಪುರಾವೆ. ಇನ್ನೂ ‘ಕೋರ್ಟ್ ಖರ್ಚು’ ಅಂತ ಸಾವಿರಗಟ್ಟಲೆ ಕೇಳುವವರಿದ್ದಾರೆ, ಎದ್ದು ಬನ್ನಿ. ಒಂದು ಕಡೆ ಹಳೆಯ ನಮೂದು ಇದ್ದೂ ಇನ್ನೊಂದು ಕಡೆ ಹೊಸದಾಗಿ ಮಾಡಿಸಿದರೆ ಒಂದೇ ಸಾವಿಗೆ ಎರಡು ದಾಖಲೆ, ಎರಡು ತಾರೀಖು. ನಾಳೆ ಆಸ್ತಿ ಕೇಸಿನಲ್ಲಿ ಎದುರಾಳಿ ವಕೀಲರು ಮೊದಲು ಹಿಡಿಯುವುದು ಅದನ್ನೇ.

ದುಡ್ಡು ಈಗಾಗಲೇ ಕೊಟ್ಟಿದ್ದರೆ ವಾಟ್ಸಾಪ್ ಮಾತುಕತೆ ಅಳಿಸಬೇಡಿ, ಫೋನ್‌ಪೇ ರಸೀದಿ ಪ್ರಿಂಟ್ ತೆಗೆಯಿರಿ, ಪಿಡಿಎಫ್ ಬಂದ ಫೈಲನ್ನೇ ಹಾಗೇ ಇಟ್ಟುಕೊಳ್ಳಿ. ನಮ್ಮದರಲ್ಲಿ 7,000 ಫೋನ್‌ಪೇ, 5,000 ಕೈಗೆ ಕೊಟ್ಟಿದ್ದು. ಆ 5,000 ತಗೊಂಡೇ ಇಲ್ಲ ಅಂತ ಈಗ ಹೇಳುತ್ತಿದ್ದಾನೆ.