ಓಪನ್5ಜಿಎಸ್: ‘ಟವರ್ ಐತಿ, ನೆಟ್ ಬರವಲ್ದು’ ಯಾಕೆಂದು ತೋರಿಸುವ ಸಾಫ್ಟ್‌ವೇರ್

‘ಟವರ್ ಫುಲ್ ಐತ್ರಿ, ನೆಟ್ ಬರವಲ್ದು.’ ಹುಬ್ಬಳ್ಳಿಯ ರೀಚಾರ್ಜ್ ಅಂಗಡಿಗಳಲ್ಲಿ ಕೇಳಿಬರುವ ಈ ದೂರಿನ ಬೇರು ಕೆಲವೊಮ್ಮೆ ಟವರ್‌ಗಳನ್ನು ಇಂಟರ್‌ನೆಟ್‌ಗೆ ಜೋಡಿಸುವ ಕೋರ್ ನೆಟ್‌ವರ್ಕ್‌ನಲ್ಲಿರುತ್ತದೆ. ಅಲ್ಲಿ ಸಿಗ್ನಲಿಂಗ್‌ಗೆ (ಸಂಪರ್ಕ ಕಟ್ಟುವ ಮಾತುಕತೆಗೆ) ಒಂದು ದಾರಿ, ಡೇಟಾಗೆ ಇನ್ನೊಂದು. ಇದನ್ನು ಕಣ್ಣಾರೆ ನೋಡಬಯಸುವ ಇಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೋರ್ ನೆಟ್‌ವರ್ಕನ್ನೇ ಕಂಪ್ಯೂಟರ್‌ನಲ್ಲಿ ನಡೆಸುವ ಸಾಫ್ಟ್‌ವೇರ್ ಓಪನ್5ಜಿಎಸ್ ಅತ್ಯುತ್ತಮ. ಉಚಿತ, ಉಬುಂಟು ಇರುವ ಸಾಧಾರಣ ಲ್ಯಾಪ್‌ಟಾಪ್ ಸಾಕು. ಟವರ್, ಫೋನ್ ಎರಡನ್ನೂ ಅನುಕರಿಸುವ ಯುಇರಾನ್‌ಸಿಮ್ ಜೋಡಿಸಿದರೆ ಟವರೂ ಬೇಡ, ಫೋನೂ ಬೇಡ.

ಕೋರ್‌ನಲ್ಲಿ ಹಲವು ಭಾಗಗಳಿವೆ. ಫೋನ್ ನೋಂದಣಿ ಎಎಂಎಫ್ ಕೆಲಸ, ಸೆಷನ್ (ಡೇಟಾ ಸಂಪರ್ಕ) ಕಟ್ಟುವುದು ಎಸ್‌ಎಂಎಫ್. ಡೇಟಾ ಪ್ಯಾಕೆಟ್ ಇವೆರಡನ್ನೂ ಮುಟ್ಟದೆ ಬೇಸ್ ಸ್ಟೇಷನ್‌ನಿಂದ (ಟವರ್‌ನಿಂದ) ನೇರ ಡೇಟಾ ಸಾಗಿಸುವ ಯುಪಿಎಫ್‌ಗೆ ಹೋಗುತ್ತದೆ. ಎಸ್‌ಎಂಎಫ್ ಹುಬ್ಬಳ್ಳಿಯ ವಿದ್ಯಾನಗರದಲ್ಲಿದ್ದು ಯುಪಿಎಫ್ ಧಾರವಾಡದ ಸಪ್ತಾಪುರದಲ್ಲಿದ್ದರೆ, ಧಾರವಾಡದ ಡೇಟಾ ಹುಬ್ಬಳ್ಳಿ ಸುತ್ತಿ ಬರಬೇಕಿಲ್ಲ. ಡೇಟಾ ಹೇಗೆ ಸಾಗಿಸಬೇಕೆಂಬ ನಿಯಮಗಳಷ್ಟೇ ಎಸ್‌ಎಂಎಫ್-ಯುಪಿಎಫ್ ನಡುವೆ ಪಿಎಫ್‌ಸಿಪಿ ಎಂಬ ಪ್ರೋಟೋಕಾಲ್ ಮೇಲೆ ಓಡಾಡುತ್ತವೆ. 4ಜಿಗೆ ಈ ವಿಂಗಡಣೆ ಬಂದದ್ದು ಮೊಬೈಲ್ ಮಾನದಂಡ ರೂಪಿಸುವ 3ಜಿಪಿಪಿಯ ರಿಲೀಸ್ 14ರಲ್ಲಿ.

ಪ್ಯಾಕೆಟ್‌ಗಳನ್ನು ತೋರಿಸುವ ವೈರ್‌ಶಾರ್ಕ್ ತೆರೆದು, ಫೋನ್ ಕಡೆಯಿಂದ ಪಿಂಗ್ (ಸಂಪರ್ಕ ಪರೀಕ್ಷಿಸುವ ಚಿಕ್ಕ ಸಂದೇಶ) ಕೊಡಿ. ಪಿಎಫ್‌ಸಿಪಿಯ ಯುಡಿಪಿ ಪೋರ್ಟ್ 8805ರಲ್ಲಿ ಸೆಷನ್ ಕಟ್ಟುವಾಗಿನ ಮಾತುಕತೆ, ಆಮೇಲೆ ಹಾರ್ಟ್‌ಬೀಟ್ (‘ಇದ್ದೀಯಾ’ ಎಂಬ ವಿಚಾರಣೆ) ಮಾತ್ರ. ಪಿಂಗ್ ಎಲ್ಲ ಡೇಟಾ ಹೊರುವ ಜಿಟಿಪಿ-ಯು ಪ್ರೋಟೋಕಾಲ್‌ನ ಪೋರ್ಟ್ 2152ರಲ್ಲಿ. 84 ಬೈಟ್‌ನ ಪಿಂಗ್ ಅಲ್ಲಿ 128 ಬೈಟ್‌ನ ಐಪಿ ಪ್ಯಾಕೆಟ್ ಆಗಿ ಕಾಣುತ್ತದೆ: ಹೊರಗಿನ ಐಪಿ 20, ಯುಡಿಪಿ 8, ಜಿಟಿಪಿ ಹೆಡರ್ ವಿಸ್ತರಣೆ ಸೇರಿ 16.

ಎಡವುವುದು ಬಹುತೇಕ ಒಂದೇ ಕಡೆ. ಯುಪಿಎಫ್‌ನ ಜಿಟಿಪಿ-ಯು ವಿಳಾಸ ಮೊದಲಿಗೆ 127.0.0.7 ಇರುತ್ತದೆ, ಅದು ಆ ಯಂತ್ರದೊಳಗಷ್ಟೇ ನಡೆಯುವ ವಿಳಾಸ. ಬೇಸ್ ಸ್ಟೇಷನ್ ಬೇರೆ ಯಂತ್ರದಲ್ಲಿದ್ದು ಎಎಂಎಫ್ ವಿಳಾಸವನ್ನಷ್ಟೇ ಬದಲಿಸಿದ್ದರೆ ನೋಂದಣಿ ಆಗುತ್ತದೆ, ಐಪಿಯೂ ಸಿಗುತ್ತದೆ, ಡೇಟಾ ಮಾತ್ರ ಸತ್ತಿರುತ್ತದೆ. ಅಲ್ಲಿ ಯಂತ್ರದ ನಿಜವಾದ ಐಪಿ ಬರೆದು ಯುಪಿಎಫ್ ಮರುಚಾಲನೆ ಮಾಡಿ, ಫೋನ್ ಕಡೆಯಿಂದ ಯುಪಿಎಫ್‌ನ ಒಳ ವಿಳಾಸ 10.45.0.1ಕ್ಕೆ ಪಿಂಗ್ ಹಾಕಿ. ಅದು ಬಂದು ಹೊರಗಿನ ಇಂಟರ್‌ನೆಟ್ ಬಾರದಿದ್ದರೆ ಐಪಿ ಫಾರ್ವರ್ಡಿಂಗ್ (ಪ್ಯಾಕೆಟ್ ಮುಂದಕ್ಕೆ ದಾಟಿಸುವುದು) ಅಥವಾ ನ್ಯಾಟ್ (ವಿಳಾಸ ಬದಲಿಸುವ) ನಿಯಮ ಬಿಟ್ಟುಹೋಗಿದೆ.

ಪಿಂಗ್ ಬಂದರೂ ದೊಡ್ಡ ಪುಟಗಳು ಅರ್ಧಕ್ಕೆ ನಿಂತರೆ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) ನೋಡಿ. ಎಸ್‌ಎಂಎಫ್‌ನಲ್ಲಿ 1400 ಇರುತ್ತದೆ. ಮೇಲಿನ ಹೆಡರ್‌ಗಳ 44 ಸೇರಿ 1444. 1500ರ ಸಾಮಾನ್ಯ ಈಥರ್‌ನೆಟ್‌ಗೆ ಸರಿ. ಬೇಸ್ ಸ್ಟೇಷನ್ ಮತ್ತು ಯುಪಿಎಫ್ ನಡುವೆ 1420ರ ವಿಪಿಎನ್ ಇದ್ದರೆ ಹಿಡಿಸುವುದಿಲ್ಲ, 1360ಕ್ಕೆ ಇಳಿಸಿ.

ಕೊರತೆಗಳೂ ಇವೆ. ವೆಬ್ ಪರದೆ ಮುಖ್ಯವಾಗಿ ಚಂದಾದಾರರನ್ನು ಸೇರಿಸಲಿಕ್ಕೆ. ದೋಷ ಹುಡುಕಲು ಲಾಗ್ ಫೈಲ್‌ಗಳನ್ನೇ ಓದಬೇಕು. ಯುಪಿಎಫ್ ಪ್ಯಾಕೆಟ್‌ಗಳನ್ನು ಟನ್ (TUN) ಎಂಬ ಸಾಫ್ಟ್‌ವೇರ್ ಇಂಟರ್‌ಫೇಸ್ ಮೂಲಕ ದಾಟಿಸುವುದರಿಂದ ಲೋಡ್ ಏರಿದಂತೆ ಸಿಪಿಯು ಬಿಸಿಯಾಗುತ್ತದೆ. ಕಲಿಕೆಗೆ ಅದು ಅಡ್ಡಿಯಲ್ಲ. ಲ್ಯಾಬ್‌ನಲ್ಲಿ ಮೊದಲ ದಿನವೇ ಯುಪಿಎಫ್ ಒಂದನ್ನೇ ನಿಲ್ಲಿಸಿ ನೋಡಿ: ಹೊಸ ಫೋನ್ ನೋಂದಣಿಯಾಗುತ್ತದೆ, ಸೆಷನ್ ಮಾತ್ರ ಕಟ್ಟುವುದಿಲ್ಲ.