ಟಗರು ಮರಿಗಳ ಬೀಜ ಒಡೆಸಲು ಲಿಗ್ನೊಕೇನ್ + ಮೆಲಾಕ್ಸಿಕ್ಯಾಮ್: ಕೆಲವು ವರ್ಷ ಬಳಸಿದ ಮೇಲೆ

ರೇಟಿಂಗ್: 4/5

ನಮ್ಮದು ಶಿಕಾರಿಪುರ ಕಡೆಯ ಸಣ್ಣ ಮಂದೆ. ಬೀಜ ಒಡೆಸುವ ದಿನ ಡಾಕ್ಟರ್ ಎರಡು ಇಂಜೆಕ್ಷನ್ ಕೊಡುತ್ತಾರೆ. ಒಂದು, ಆ ಜಾಗ ಜೋಮು ಹಿಡಿಸುವ 2% ಲಿಗ್ನೊಕೇನ್. ಇನ್ನೊಂದು, ನೋವು, ಊತಕ್ಕೆ ಮೆಲಾಕ್ಸಿಕ್ಯಾಮ್. "ಒಂದೇ ಸಾಕಲ್ವಾ?" ಅಂತ ಕೇಳುವವರು ಜಾಸ್ತಿ. ಸಾಕಾಗುವುದಿಲ್ಲ. ಲಿಗ್ನೊಕೇನ್ ಬೇಗ ಹಿಡಿಯುತ್ತದೆ, ಒಂದೆರಡು ಗಂಟೆಯಲ್ಲಿ ಇಳಿದೂ ಹೋಗುತ್ತದೆ. ಮೆಲಾಕ್ಸಿಕ್ಯಾಮ್ ನಿಧಾನ. ಸುಮಾರು ಒಂದು ದಿನ ನೋವು ತಗ್ಗಿಸುತ್ತದೆ, ಆದರೆ ಬೀಜದ ನರ ಹಿಸುಕುವ ಇಕ್ಕಳ ಒತ್ತುವ ಹೊತ್ತಿನ ನೋವು ಅದಕ್ಕೆ ಬಗ್ಗುವುದಿಲ್ಲ.

ನಾವು ಬರ್ಡಿಜೋ ಇಕ್ಕಳವನ್ನೇ ಇಟ್ಟುಕೊಂಡಿದ್ದೇವೆ. ಚರ್ಮ ಕೊಯ್ಯುವುದಿಲ್ಲ, ಹಾಗಾಗಿ ನಮ್ಮ ಮಳೆಗಾಲದಲ್ಲಿ ನೊಣ ಕೂತು ಹುಳ ಬೀಳುವ ಭಯ ಕಡಿಮೆ. ರಕ್ತ ಕಾಣುವುದಿಲ್ಲ ಅಂದ ಮಾತ್ರಕ್ಕೆ ನೋವಿಲ್ಲ ಅಂತಲ್ಲ.

ವ್ಯತ್ಯಾಸ ಗೊತ್ತಾಗುವುದು ಆಮೇಲೆ. ಔಷಧಿ ಇಲ್ಲದಾಗ ಮರಿ ಹಿಂಗಾಲು ಅಗಲಿಸಿ ಮರಗಟ್ಟಿದ ಹಾಗೆ ನಿಲ್ಲುತ್ತಿತ್ತು. ಮಲಗುವುದು, ಏಳುವುದು, ಕಾಲು ಒದರುವುದು. ಕಣ್ಣು ಅರ್ಧ ಮುಚ್ಚಿ, ಕಿವಿ ಜೋತು ಬೀಳುತ್ತಿತ್ತು. ಕುರಿ ಕೂಗಿ ಹೇಳುವ ಪ್ರಾಣಿ ಅಲ್ಲ, ಇದನ್ನೆಲ್ಲ ನಾವೇ ನೋಡಬೇಕು. ಈಗ ಎರಡೂ ಕೊಟ್ಟ ಮರಿಗಳು ಸಂಜೆಗೆ ತಾಯಿ ಮೊಲೆಗೆ ಬಾಯಿ ಹಾಕುತ್ತವೆ. ನನಗೆ ಅದೇ ಲೆಕ್ಕ. ಬಾವು ಮಾತ್ರ ಪೂರ್ತಿ ತಪ್ಪುವುದಿಲ್ಲ.

ಕಷ್ಟ ಇರುವುದು ಕಾಯುವುದರಲ್ಲಿ. ಲಿಗ್ನೊಕೇನ್ ಕೊಟ್ಟು ಐದು ನಿಮಿಷವಾದರೂ ಬಿಡಬೇಕು. ಮರಿ ಹಿಡಿದವರು "ಬೇಗ ಒತ್ತಿ ಡಾಕ್ಟ್ರೇ" ಅಂತಾರೆ. ಸುಮ್ನೆ ಒತ್ತಿಬಿಟ್ಟರೆ ಔಷಧಿಯ ದುಡ್ಡು ದಂಡ. ಡೋಸ್ ತೂಕ ನೋಡಿಯೇ ಆಗಬೇಕು. ಸಣ್ಣ ಮರಿಗೆ ಲಿಗ್ನೊಕೇನ್ ಹೆಚ್ಚಾದರೆ ನಡುಕ, ಫಿಟ್ಸ್ ಬರುತ್ತದೆ. ನೀರಿಲ್ಲದೆ ಸೊರಗಿದ ಕುರಿಗೆ ಮೆಲಾಕ್ಸಿಕ್ಯಾಮ್ ಕಿಡ್ನಿಗೆ ಕೆಟ್ಟದು. ಮಾರುವ, ಕಡಿಯುವ ಕುರಿಯಾದರೆ ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಬಿಡಬೇಕು ಅಂತ ಮೊದಲೇ ಕೇಳಿಕೊಳ್ಳಿ.

ನೋವಿನ ಇನ್ನೊಂದು ಔಷಧಿ ಡೈಕ್ಲೊಫೆನಾಕ್ ಅಗ್ಗ, ಅದನ್ನೇ ಚುಚ್ಚಿ ಅನ್ನುವವರೂ ಇದ್ದಾರೆ. ಬೇಡ. ಪಶುಗಳಿಗೆ ಅದು ನಿಷೇಧವಾಗಿ ಎಷ್ಟೋ ವರ್ಷ ಆಯಿತು. ಅದು ಮೈಯಲ್ಲಿರುವ ಹೆಣ ತಿಂದ ರಣಹದ್ದು ಕಿಡ್ನಿ ಹೋಗಿ ಸಾಯುತ್ತದೆ. ಮೆಲಾಕ್ಸಿಕ್ಯಾಮ್‌ಗೆ ಆ ಕಾಟವಿಲ್ಲ.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಬಾಟಲಿಗೆ. ಒಮ್ಮೆ ತೆರೆದರೆ ತುಂಬಾ ದಿನ ಇಡುವಂತಿಲ್ಲ, ನಮ್ಮಂಥ ಸಣ್ಣ ಮಂದೆಗೆ ಅರ್ಧ ಉಳಿಯುತ್ತದೆ. ಪಕ್ಕದ ಮನೆಯವರ ಮರಿಗಳನ್ನೂ ಅದೇ ದಿನಕ್ಕೆ ಸೇರಿಸಿಕೊಂಡರೆ ಖರ್ಚು ಹಂಚಿಹೋಗುತ್ತದೆ.