ಟೆಕ್ಸಸ್ ಸೇಜ್ ಅಂತ ಬೇರೇನೋ ಕಳಿಸುತ್ತಾರೆ, ಹುಷಾರು

ಬೇಲಿಗೆ ಬೆಳ್ಳಿ ಎಲೆಯ ಗಿಡ ಹುಡುಕುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಒಂದೂವರೆ ವರ್ಷ. ಒಂದೂವರೆ ವರ್ಷ ನಾನು ಟೆಕ್ಸಸ್ ಸೇಜ್ ಅಂದುಕೊಂಡು ಬೇರೆ ಯಾವುದೋ ಗಿಡ ಸಾಕಿದ್ದೇನೆ.

ಆನ್‌ಲೈನ್‌ನಲ್ಲಿ ಗಿಡ ಮಾರುವವರೊಬ್ಬರಿಂದ ಹನ್ನೆರಡು ತರಿಸಿದ್ದೆ. ಫೋಟೋದಲ್ಲಿ ಬೂದಿ ಬಣ್ಣದ ಪುಟ್ಟ ಎಲೆ, ಮೈ ತುಂಬ ನೇರಳೆ ಹೂವು. "ಗಟ್ಟಿ ಗಿಡ ಮೇಡಂ, ನೀರು ಕೇಳಲ್ಲ, ಸುಮಾರು ಆಳೆತ್ತರ ಬರುತ್ತೆ ಅಷ್ಟೇ" ಅಂದರು. ಟೆಕ್ಸಸ್ ಸೇಜ್ ಆಗಿದ್ದರೆ ಈ ಮಾತು ನಿಜವೇ. ಟೆಕ್ಸಸ್, ಉತ್ತರ ಮೆಕ್ಸಿಕೋ ಕಡೆಯ ಒಣ ನೆಲದ ಗಿಡ ಅದು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಮಳೆ ಬಂದು ಗಾಳಿಯಲ್ಲಿ ತೇವ ಏರಿದರೆ ಇದ್ದಕ್ಕಿದ್ದಂತೆ ಹೂ ಬಿಡುತ್ತದೆ. ಅದಕ್ಕೇ ಬ್ಯಾರೋಮೀಟರ್ (ಹವೆಯ ಬದಲಾವಣೆ ತಿಳಿಸುವ ಸಾಧನ) ಗಿಡ ಅಂತಲೂ ಕರೆಯುತ್ತಾರೆ. ಆ ಹೂವಿನ ಆಸೆಗೇ ನಾನು ಬಿದ್ದಿದ್ದು.

ಪೆಟ್ಟಿಗೆ ಬಿಚ್ಚಿದಾಗಲೇ ಅನುಮಾನ ಬಂದಿತ್ತು. ಎಲೆ ಉದ್ದ, ತುದಿ ಚೂಪು. ಕೇಳಿದೆ. "ಎಳೆ ಗಿಡ ಅಲ್ವಾ, ಆಮೇಲೆ ಎಲೆ ಚಿಕ್ಕದಾಗುತ್ತೆ" ಅಂತ ಉತ್ತರ. ನಂಬಿದೆ. ನೀರು ಬೇಡದ ಗಿಡ ಅಂತ ಕೈ ಬಿಗಿಹಿಡಿದು ನೀರು ಹಾಕಿದೆ. ಎರಡು ಗಿಡ ಒಣಗಿ ಕಡ್ಡಿಯಾದವು. ಅದಕ್ಕೆ ಬಂದ ಉತ್ತರ, "ನೀರು ಜಾಸ್ತಿ ಹಾಕಿರ್ತೀರಿ." ಒಣಗಿ ಸತ್ತ ಗಿಡದ ಫೋಟೋ ಕಳಿಸಿದ್ದೇನೆ, ನೀರು ಜಾಸ್ತಿ ಅಂತೆ!

ಕೆಲವು ಎಲೆ ಹಸಿರಿಗೆ ತಿರುಗಿದಾಗ "ನೆರಳಲ್ಲಿ ಇಟ್ಟಿದ್ದೀರಿ" ಅಂದರು. ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಸಿಟ್ಟು ಬರುವುದು. ಬೆಳ್ಳಿ ಬಣ್ಣ ಅಂದರೆ ಎಲೆಯ ಮೇಲಿನ ಸಣ್ಣ ಸಣ್ಣ ರೋಮ. ಬಿಸಿಲು ಕಡಿಮೆಯಾದರೆ ಇಂಥ ಗಿಡ ಹಸಿರಾಗುವುದು ಉಂಟು. ಆದರೆ ನನ್ನ ಗಿಡ ಇದ್ದದ್ದು ದಿನವಿಡೀ ಬಿಸಿಲಲ್ಲಿ.

ಈ ಸಲ ಮಳೆ ಶುರುವಾದ ಮೇಲೆ ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದೆ. ಒಂದು ದಿನ ಕೊಂಬೆ ತುದಿಯಲ್ಲಿ ಮೊಗ್ಗು! ಎಷ್ಟು ಖುಷಿಯಾಯಿತು ಅಂದರೆ ಗೆಳತಿಗೆ ಆಗಲೇ ಫೋಟೋ ಕಳಿಸಿದೆ. ವಾರ ಕಳೆಯಿತು, ಅರಳಲೇ ಇಲ್ಲ. ಹತ್ತಿರ ಹೋಗಿ ಬಗ್ಗಿ ನೋಡಿದೆ. ಎಸಳೇ ಇಲ್ಲ. ಅಂಗಿ ಗುಂಡಿಯಂಥ ಸಣ್ಣ ಹಸಿರು ಉಂಡೆಗಳು. ಅದೇ ಹೂವು! ಎಲೆ ತಿರುಗಿಸಿದೆ, ತೊಟ್ಟಿನ ಮೇಲೆ ಅಕ್ಕಪಕ್ಕ ಎರಡು ಪುಟ್ಟ ಗಂಟು. ನನ್ನ ಹತ್ತಿರ ಇದ್ದದ್ದು ಸಿಲ್ವರ್ ಬಟನ್‌ವುಡ್. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚಲ್ಲಿ, ಸಮುದ್ರ ದಂಡೆಯಲ್ಲಿ ಬೆಳೆಯುವ ಜಾತಿ. ಬಿಟ್ಟರೆ ಮರವೇ ಆಗುತ್ತದೆ. ನಾನು ಕಿಟಕಿ ಕೆಳಗೆ ಮೂರು ಮೂರು ಅಡಿಗೆ ಒಂದರಂತೆ ನೆಟ್ಟಿದ್ದೇನೆ.

ಕೈಕಾಲು ನಡುಗುತ್ತಿತ್ತು. ಎಲ್ಲ ಬರೆದು ಕಳಿಸಿದೆ. ಬಂದ ಉತ್ತರ ಇಷ್ಟೇ: "ಎರಡೂ ಬೆಳ್ಳಿ ಎಲೆನೇ ಅಲ್ವಾ ಮೇಡಂ? ನೋಡೋಕೆ ಚೆನ್ನಾಗಿದೆಯಲ್ಲ?"

ಎರಡೂ ಬೆಳ್ಳಿ ಎಲೆನೇ! ಮತ್ತೆ ಬರೆದೆ. ನನ್ನ ನಂಬರ್ ಬ್ಲಾಕ್ ಆಗಿತ್ತು.

ನೀವು ಕೊಳ್ಳುವುದಾದರೆ ಸುಮ್ನೆ 'ಸಿಲ್ವರ್' ಅನ್ನುವ ಹೆಸರು ನಂಬಬೇಡಿ. ಡಸ್ಟಿ ಮಿಲ್ಲರ್ ಅನ್ನುವ ಒಂದೇ ಹೆಸರಲ್ಲಿ ಬೆಳ್ಳಿ ಎಲೆಯ ಮೂರ್ನಾಲ್ಕು ಬೇರೆ ಬೇರೆ ಗಿಡ ಇವೆ. ಟೆಕ್ಸಸ್ ಸೇಜ್‌ನ ವೈಜ್ಞಾನಿಕ ಹೆಸರು ಲ್ಯೂಕೋಫಿಲ್ಲಮ್ ಫ್ರುಟೆಸೆನ್ಸ್, ಅದನ್ನೇ ಬರವಣಿಗೆಯಲ್ಲಿ ಕೇಳಿ. ನಿಮಗೆ ಕಳಿಸುವ ಗಿಡದ್ದೇ ಫೋಟೋ ಕೇಳಿ, ಎಲೆ ಹತ್ತಿರದಿಂದ ಕಾಣಬೇಕು. ಟೆಕ್ಸಸ್ ಸೇಜ್ ಎಲೆ ಚಿಕ್ಕದು, ತುದಿ ದುಂಡು, ಮುಟ್ಟಿದರೆ ಕಂಬಳಿಯಂತಿರುತ್ತದೆ. ತೊಟ್ಟಲ್ಲಿ ಗಂಟು ಕಂಡರೆ ಬೇಡವೇ ಬೇಡ. ಫೋಟೋ ಕಳಿಸಲ್ಲ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ. ನಾನು ನಿಲ್ಲಿಸಲಿಲ್ಲ.

ನನ್ನ ಗಿಡ ನೋಡಿ ಗೆಳತಿಯೂ ಅವರ ಹತ್ತಿರವೇ ಎಂಟು ತರಿಸಿದ್ದಾಳೆ. ವಿಳಾಸ ಕೊಟ್ಟಿದ್ದು ನಾನೇ. ನಿನ್ನೆ ಫೋನ್ ಮಾಡಿ ಹೇಳಿದೆ. ಅವಳು ಏನೂ ಅನ್ನಲಿಲ್ಲ, "ಒಂದು ನಿಮಿಷ ಇರು" ಅಂತ ಹೊರಗೆ ಹೋಗಿ ಎಲೆ ತಿರುಗಿಸಿ ನೋಡಿದಳು. ಎರಡು ಗಂಟು ಇತ್ತು.